ಹೊಳೆ ಮರಳಲ್ಲಿ ಚಿನ್ನ ಹುಡುಕೋದು ಹೀಗೆ

ಕಾಫಿ ಕೊಯ್ಲು ಮುಗಿದು ತೋಡುಗಳಲ್ಲಿ ನೀರು ಇಳಿಯಿತು ಅಂದರೆ ಯಾರಾದರೂ ಒಬ್ಬರು ಬೆಂಕಿಪೊಟ್ಟಣ ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಾರೆ. "ಆಚಾರ್ರೇ, ಇದೊಂಚೂರು ನೋಡಿ." ಒಳಗೆ ಥಳಥಳ ಹೊಳೆಯುವ ಮರಳು. ಕೊಡಗಿನ ಸೋಮವಾರಪೇಟೆಯಲ್ಲಿ ಚಿನ್ನದ ಕೆಲಸ ಮಾಡುವ ನನ್ನ ಹತ್ತಿರ ಇಲ್ಲಿವರೆಗೆ ಬಂದದ್ದೆಲ್ಲ ಕಾಗೆ ಬಂಗಾರವೇ, ಅಂದರೆ ಅಭ್ರಕ. ಹಾಗಂತ ಆಸೆಪಡೋರನ್ನು ನಗಾಡೋ ಹಾಗಿಲ್ಲ. ಪಕ್ಕದ ವಯನಾಡು, ಪಂದಲೂರು ಕಡೆ 1880ರ ಸುಮಾರಿಗೆ ಚಿನ್ನಕ್ಕೆ ಕಂಪನಿಗಳು ಮುಗಿಬಿದ್ದಿದ್ದವು. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದೇ ಹೊಟ್ಟೆ ಹೊರೆದವರು.

ಚಿನ್ನ ನೀರಿಗಿಂತ 19 ಪಟ್ಟು ಭಾರ. ಮರಳು ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಾಗಾಗಿ ನೀರಿನ ರಭಸ ತಗ್ಗುವ ಕಡೆ ಚಿನ್ನ ಮೊದಲು ಕೂರುತ್ತದೆ. ಹೊಳೆ ತಿರುಗುವಲ್ಲಿ ಒಳಮಗ್ಗುಲು, ದೊಡ್ಡ ಬಂಡೆಯ ಹಿಂಭಾಗ (ನೀರು ಹರಿದು ಹೋಗುವ ಬದಿ), ದಡದ ಮರದ ಬೇರುಗಳ ಸಂದು ನೋಡಿ. ಎಲ್ಲಕ್ಕಿಂತ ಒಳ್ಳೆಯ ಜಾಗ ತಳದ ಬಂಡೆಯಲ್ಲಿ ನೀರಿಗೆ ಅಡ್ಡವಾಗಿರುವ ಬಿರುಕು. ಸ್ಕ್ರೂಡ್ರೈವರ್, ಹಳೇ ಟೂತ್‌ಬ್ರಷ್, ಚಮಚ ತೆಗೆದುಕೊಂಡು ಬಿರುಕಿನ ಬುಡದ ಮಣ್ಣನ್ನೆಲ್ಲ ಕೆರೆದು ತೆಗೆಯಿರಿ. ಮೇಲಿನ ಮರಳು ತೊಳೆಯೋದು ಸುಮ್ನೆ ದಂಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಕಡೆಯ ಹೊಳೆಗಳಲ್ಲಂತೂ ಕಲ್ಲುಮಣ್ಣು ಕಲಸಿ ಬಂದು ತುಂಬಿದೆ, ಅದರ ಕೆಳಗಿನ ಬಂಡೆ ಸಿಗುವ ತನಕ ಏನೂ ಹೇಳಕ್ಕಾಗಲ್ಲ.

ಪಾತ್ರೆಗೆ ಓರೆ ಅಂಚಿನ ಕಪ್ಪು ಪ್ಲಾಸ್ಟಿಕ್ ಬೋಗುಣಿ ಸಾಕು. ಅಡುಗೆಮನೆಯದ್ದಾದರೆ ಸೋಪು ಹಾಕಿ ಉಜ್ಜಿ. ಎಣ್ಣೆ ಜಿಡ್ಡಿದ್ದರೆ ಚಿನ್ನದ ಹುಡಿ ನೀರ ಮೇಲೆ ತೇಲಿ ಹೋಗುತ್ತದೆ.

ಹೊಳೆಗೆ ಇಳಿಯೋ ಮೊದಲು ಮನೆಯಲ್ಲೇ ಕೈ ಪಳಗಿಸಿಕೊಳ್ಳಿ. ಗಾಳಕ್ಕೆ ಕಟ್ಟುವ ಸೀಸವನ್ನು ಚಪ್ಪಟೆ ಬಡಿದು, ಎಳ್ಳಿನಷ್ಟು ಚಿಕ್ಕ 10 ಚೂರು ಕತ್ತರಿಸಿ ಮರಳಲ್ಲಿ ಬೆರೆಸಿ ತೊಳೆಯಿರಿ. ಹತ್ತೂ ಉಳಿಯಬೇಕು. ಸೀಸ ಚಿನ್ನಕ್ಕಿಂತ ಹಗುರ, ಅದು ಉಳಿದರೆ ಚಿನ್ನವೂ ಉಳಿಯುತ್ತದೆ. ಆಮೇಲೆ ಕೈ ತೊಳೆದುಕೊಳ್ಳಿ.

ತೊಳೆಯುವ ಕ್ರಮ ಇಷ್ಟು. ಮುಕ್ಕಾಲು ಬೋಗುಣಿ ಮಣ್ಣು ತುಂಬಿ ನೀರಲ್ಲಿ ಮುಳುಗಿಸಿ, ಜೇಡಿ ಉಂಡೆಗಳನ್ನು ಕೈಯಲ್ಲಿ ಹಿಸುಕಿ ಕರಗಿಸಿ. ಕಲ್ಲುಗಳನ್ನು ತೊಳೆದು ಎಸೆಯಿರಿ. ಈಗ ನೀರೊಳಗೇ ಬೋಗುಣಿಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ಅಲ್ಲಾಡಿಸಿ. ಭಾರದ್ದು ತಳಕ್ಕಿಳಿಯೋದು ಈ ಹೊತ್ತಿಗೆ, ಅವಸರ ಬೇಡ. ಆಮೇಲೆ ಮುಂದಕ್ಕೆ ಬಾಗಿಸಿ, ಮೇಲಿನ ಪದರವನ್ನು ಮಾತ್ರ ನೀರು ಎಳೆದುಕೊಂಡು ಹೋಗಲಿ. ಮತ್ತೆ ಅಲ್ಲಾಡಿಸಿ, ಮತ್ತೆ ಬಾಗಿಸಿ. ಕೊನೆಗೆ ಒಂದು ಚಮಚ ಕರಿಮರಳು ಉಳಿಯುತ್ತದೆ. ಅದು ಹೆಚ್ಚಾಗಿ ಕಬ್ಬಿಣದ ಅಂಶ. ಒಂದು ಗುಟುಕು ನೀರು ಹಾಕಿ ಮೆಲ್ಲಗೆ ಸುತ್ತಿಸಿದರೆ ಕರಿಮರಳು ಮುಂದೆ ಸರಿಯುತ್ತದೆ. ಚಿನ್ನ ಇದ್ದರೆ ಹಿಂದೆ ಉಳಿದ ಗೆರೆಯ ತುದಿಯಲ್ಲಿ ಕಾಣುತ್ತದೆ.

ಹಳದಿ ಕಂಡಿತಾ? ನಿಮ್ಮ ಮೈ ಅಡ್ಡ ಮಾಡಿ ನೆರಳು ಬೀಳಿಸಿ. ಚಿನ್ನದ ಬಣ್ಣ ನೆರಳಲ್ಲೂ ಹಾಗೇ ಇರುತ್ತದೆ. ಕಾಗೆ ಬಂಗಾರ ಬಿಸಿಲಿಗೆ ಮಿಂಚಿ ನೆರಳಿಗೆ ಸಪ್ಪೆಯಾಗುತ್ತದೆ. ಸೂಜಿಯಿಂದ ಒತ್ತಿ ನೋಡಿ: ಚಿನ್ನ ತಗ್ಗು ಬೀಳುತ್ತದೆ, ಕಾಗೆ ಬಂಗಾರ ಪದರ ಪದರ ಬಿಡುತ್ತದೆ, ಗಂಧಕ ಬೆರೆತ ಹಳದಿ ಕಲ್ಲು ಪುಡಿಯಾಗುತ್ತದೆ. ನಾನು ಒರೆಗಲ್ಲು ತೆಗೆಯೋದು ಇದೆಲ್ಲ ಆದ ಮೇಲೆ.

ಕರಿಮರಳನ್ನು ಒಣಗಿಸಿ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಅಯಸ್ಕಾಂತ ಆಡಿಸಿದರೆ ಕಬ್ಬಿಣದ್ದು ಬಹುಪಾಲು ಅಂಟಿಕೊಂಡು ಬರುತ್ತದೆ. ಚಿನ್ನದ ಹುಡಿ ಹಿಡಿಯೋಕೆ ಕೆಲವರು ಬಳಸುವ ಪಾದರಸ ಮಾತ್ರ ಮುಟ್ಟಲೇಬೇಡಿ. ಕಾಯಿಸಿದಾಗ ಏಳುವ ಹಬೆ ನರಕ್ಕೆ ಹೊಡೆಯುತ್ತದೆ, ಚೆಲ್ಲಿದ್ದು ಮೀನಿನೊಳಗೆ ಸೇರಿ ನಮ್ಮ ತಟ್ಟೆಗೇ ಬರುತ್ತದೆ.

ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳ ಹೊಳೆಗೆ ಇಳಿಯಬೇಡಿ. ತೋಟದ ತೋಡಾದರೆ ಯಜಮಾನರನ್ನು ಕೇಳಿ. ಪಂಪು, ಯಂತ್ರ ಇಟ್ಟು ಅಗೆಯೋ ಯೋಚನೆ ಇದ್ದರೆ ಅದು ಗಣಿಗಾರಿಕೆ, ಪರವಾನಗಿ ಬೇಕೇ ಬೇಕು. ಫೆಬ್ರವರಿಯಿಂದ ಏಪ್ರಿಲ್ ಒಳ್ಳೆ ಕಾಲ. ಆದರೆ ಆನೆಗಳೂ ನೀರಿಗೆ ಬರೋ ಕಾಲ ಅದೇ, ಐದು ಗಂಟೆಗೆ ಮೊದಲೇ ಹೊಳೆ ಬಿಟ್ಟು ಹೊರಡಿ.