ಫ್ಯಾನಿನ ಎದುರಿಗೇ ರಿಯಾಕ್ಟರ್: ನನ್ನ ಫ್ಯೂಷನ್ ಜೆಟ್ ಹಾರಿದ್ದು ಹೀಗೆ

ಮೊದಲೇ ಹೇಳಿಬಿಡುತ್ತೇನೆ, ಇದು ರಿಮೋಟಿನಲ್ಲಿ ಹಾರಿಸುವ ಮಾಡೆಲ್ ವಿಮಾನ. ಒಳಗಿರುವುದು ಫ್ಯೂಷನ್ (ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವುದು) ಅಲ್ಲ, 4ಎಸ್ ಲಿಪೋ, ಅಂದರೆ ನಾಲ್ಕು ಸೆಲ್ಲಿನ ಲಿಥಿಯಮ್ ಪಾಲಿಮರ್ ಬ್ಯಾಟರಿ. ಆದರೆ ಗಾಳಿ ಹೋಗುವ ದಾರಿ ಮಾತ್ರ ನಾನು ಕಲ್ಪಿಸಿಕೊಂಡ ಫ್ಯೂಷನ್ ಜೆಟ್ಟಿನದೇ. ಮೂತಿಯಿಂದ ಬಂದ ಗಾಳಿ ಹೊಟ್ಟೆಯಲ್ಲಿರುವ ರಿಯಾಕ್ಟರಿನ ಸುತ್ತ ಹರಿದು, ಕಾದು, ಹಿಂದಿನಿಂದ ಹೊರಗೆ ಹೋಗಬೇಕು. 1950ರ ದಶಕದಲ್ಲಿ ಅಮೆರಿಕದವರು ಐಡಾಹೋದಲ್ಲಿ ವಿದಳನ (ಪರಮಾಣು ಬೀಜ ಒಡೆಯುವ) ರಿಯಾಕ್ಟರಿನಿಂದ ಗಾಳಿ ಕಾಯಿಸಿಯೇ ಜೆಟ್ ಎಂಜಿನ್ ಓಡಿಸಿದ್ದರು. ಅದು ನೆಲ ಬಿಟ್ಟು ಏಳಲಿಲ್ಲ, 1961ರಲ್ಲಿ ಯೋಜನೆಯೇ ನಿಂತಿತು. ಎನ್‌ಬಿ-36ಎಚ್ ವಿಮಾನ ರಿಯಾಕ್ಟರ್ ಹೊತ್ತು 47 ಸಲ ಹಾರಿತು ನಿಜ, ಆದರೆ ಅದರ ಎಂಜಿನ್ನಿಗೆ ಶಕ್ತಿ ಕೊಟ್ಟಿದ್ದು ಮಾಮೂಲಿ ಇಂಧನವೇ.

ಡ್ಯೂಟೀರಿಯಮ್-ಟ್ರಿಟಿಯಮ್ (ಹೈಡ್ರೋಜನ್ನಿನ ಎರಡು ಭಾರದ ರೂಪಗಳು) ಫ್ಯೂಷನ್ನಿನಲ್ಲಿ ಶಕ್ತಿಯ ಐದರಲ್ಲಿ ನಾಲ್ಕು ಪಾಲು ನ್ಯೂಟ್ರಾನಿನ ಜೊತೆ ಹೋಗುತ್ತದೆ. ಅದನ್ನು ತಡೆಯಲು ದಪ್ಪ ಕವಚ ಬೇಕು. ಹಾಗಾಗಿ ನನ್ನ ಮಾಡೆಲ್‌ನಲ್ಲೂ ರಿಯಾಕ್ಟರ್ ಜಾಗದ ಮೊಟ್ಟೆಯಾಕಾರದ ಟೊಳ್ಳು ಡಬ್ಬಿ (ಮೊಟ್ಟೆ ಅಂತಲೇ ಕರೆಯುತ್ತೇನೆ) ದಪ್ಪಗೇ ಇರಬೇಕು ಅಂತ ಹಠ ಹಿಡಿದೆ. ಸುಮಾರು 80 ಮಿಮೀ ವ್ಯಾಸ, ವಿಮಾನವನ್ನು ತಳ್ಳುವ 70 ಮಿಮೀ ವಿದ್ಯುತ್ ಫ್ಯಾನಿನ ನೇರ ಎದುರಿಗೆ. ನಮ್ಮ ಗುಂಪಿನ ಹಿರಿಯರೊಬ್ಬರು ನೋಡಿ, "ಊದುಗೊಳವೆಗೆ ಬದನೆಕಾಯಿ ತುರುಕಿ ಒಲೆ ಊದ್ತೀರೇನ್ರೀ?" ಅಂದರು.

ಶುರುವಿನಲ್ಲಿ ಅವರ ಮಾತೇ ನಿಜವಾಯಿತು. ಬರೀ ಫ್ಯಾನ್ ಅಡುಗೆಮನೆ ತೂಕದ ಯಂತ್ರದ ಮೇಲೆ ಒಂದೂ ಮುಕ್ಕಾಲು ಕೆಜಿ ತಳ್ಳುತ್ತಿತ್ತು. ಮೊಟ್ಟೆ ಇಟ್ಟ ಕೂಡಲೇ ಒಂದು ಕೆಜಿಯೂ ಇಲ್ಲ. ಜೊತೆಗೆ ಕಿವಿ ಕೊರೆಯುವ ಊಳು. ಎಲ್ಲರೂ ಮೂತಿ ದೊಡ್ಡದು ಮಾಡಿ, ಚೀಟರ್ ಹೋಲ್ (ಫ್ಯಾನಿಗೆ ಹೆಚ್ಚು ಗಾಳಿ ಸಿಗಲು ಮಾಡುವ ತೂತು) ಕೊರೆಯಿರಿ ಅಂದರು. ಕೊರೆದೆ, ನೂರೋ ನೂರೈವತ್ತೋ ಗ್ರಾಂ ಬಂತು ಅಷ್ಟೇ. ತೊಂದರೆ ಇದ್ದದ್ದು ಮುಂದಲ್ಲ, ಮೊಟ್ಟೆಯ ಬೆನ್ನಲ್ಲಿ. ಅಲ್ಲಿ ಗಾಳಿ ಮೈ ಬಿಟ್ಟು ಸುಳಿಯಾಗಿ ಬ್ಲೇಡಿಗೆ ಬಡಿಯುತ್ತಿತ್ತು.

ಮೊಟ್ಟೆಗೆ 20 ಸೆಂಮೀ ಬಾಲ ಕೊಟ್ಟೆ. ಇಳಿಜಾರು ಏಳು ಡಿಗ್ರಿ ಆಸುಪಾಸು, ತುದಿ ಸರಿಯಾಗಿ ಸ್ಪಿನ್ನರಿನ (ಫ್ಯಾನಿನ ನಡುವಿನ ಟೋಪಿ) ಅಳತೆಗೆ. ಹೊರಗಿನ ಡಕ್ಟ್ (ಗಾಳಿ ಹರಿಯುವ ಕೊಳವೆ) 105 ಮಿಮೀ. ಮೊಟ್ಟೆ ಕಳೆದು ಉಳಿಯುವ ಜಾಗ ಫ್ಯಾನಿನ ಗಾಳಿ ಜಾಗಕ್ಕಿಂತ 20 ಪರ್ಸೆಂಟ್ ಜಾಸ್ತಿ. ಗಾಳಿ ಹೊರಹೋಗುವ ಹಿಂದಿನ ಥ್ರಸ್ಟ್ ಟ್ಯೂಬ್ ಎಂದಿನಂತೆ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ). ಊಳು ನಿಂತಿತು. ಒಂದೂವರೆ ಕೆಜಿ! ಮೊಟ್ಟೆಯನ್ನು ಹಿಡಿಯುವ ಮೂರು ಕಡ್ಡಿಗಳನ್ನು ಎಷ್ಟು ಓರೆ ಮಾಡಿದೆ, ಡಕ್ಟ್ ಒಳಗೆ ಏನು ಬಳಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬ್ಯಾಟರಿಯನ್ನು ಮೊಟ್ಟೆಯೊಳಗೇ ಇಟ್ಟಿದ್ದು ಬೋನಸ್. 3300 ಎಂಎಎಚ್ ಪ್ಯಾಕ್ ಸಲೀಸಾಗಿ ಕೂರುತ್ತದೆ, ಸಿಜಿ (ವಿಮಾನದ ತೂಕ ಸಮತೋಲವಾಗುವ ಬಿಂದು) ತಾನಾಗೇ ಸರಿಹೋಯಿತು. ಆದರೆ ಬ್ಯಾಟರಿ ಬದಲಿಸಲು ಡಕ್ಟ್ ಮುಚ್ಚಳವನ್ನೇ ತೆಗೆಯಬೇಕು. ಅಂಚಿನಲ್ಲಿ ಕೂದಲೆಳೆ ಸಂದಿ ಉಳಿದರೂ ಸೀಟಿ ಹೊಡೆಯುತ್ತದೆ.

ಖರ್ಚು? ಫ್ಯಾನ್ ನಾಲ್ಕೂವರೆ ಸಾವಿರ, ಬ್ಯಾಟರಿ ಅಷ್ಟೇ. ಫೋಮ್, ಕಾರ್ಬನ್ ರಾಡು, ಸರ್ವೋ ಎಲ್ಲ ಸೇರಿ ಎರಡೂವರೆ. ನೋವಾಗಿದ್ದು ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸರ್ಕಿಟ್) ವಿಷಯದಲ್ಲಿ. 80 ಆಂಪ್ ಅಂತ ಅಂಟಿಸಿ ಕೊಟ್ಟಿದ್ದ ಮಾಲು ಅರವತ್ತಕ್ಕೇ ಹೊಗೆಯಾಡಿತು. ಬಿಚ್ಚಿದರೆ ಒಳಗಿನ ಬೋರ್ಡ್ ಮೇಲೆ ಬೇರೆಯೇ ನಂಬರು. ಮೂರು ಸಾವಿರ ನೀರಿಗೆ ಹೋಯಿತು, ಅಂಗಡಿಯವ ಫೋನೂ ಎತ್ತಲಿಲ್ಲ.

ಹಾರಿಸಿದ್ದು ಕೋಲಾರದ ಕಡೆ ಒಣಗಿದ ಕೆರೆಯಂಗಳದಲ್ಲಿ, ಬಂಜಿ (ರಬ್ಬರ್ ಹಗ್ಗ) ಎಳೆದು. ತೂಕ 1.4 ಕೆಜಿ ಇದ್ದೀತು. ಹುಕ್ ಬಿಟ್ಟ ಮೇಲೆ ಸ್ವಲ್ಪ ಕುಸಿಯಿತು, ಆಮೇಲೆ ವೇಗ ಹಿಡಿದು ಎದ್ದಿತು. ಮೂರೂವರೆ ನಿಮಿಷ ಹಾರಿ ಹೊಟ್ಟೆ ಮೇಲೆ ಇಳಿಯಿತು. ಬದನೆಕಾಯಿ ಅಂದವರೇ ಈಗ ಬಾಲದ ಡ್ರಾಯಿಂಗ್ ಕೇಳಿದ್ದಾರೆ.

ಸುಮ್ನೆ ಒಂದು ಪ್ರಯೋಗ: ಟೊಕಮಾಕ್ (ಅಯಸ್ಕಾಂತಗಳಿಂದ ಪ್ಲಾಸ್ಮಾ ಹಿಡಿದಿಡುವ ಫ್ಯೂಷನ್ ಯಂತ್ರ) ಒಳಗಿನ ಹೈಡ್ರೋಜನ್ ಪ್ಲಾಸ್ಮಾ, ಅಂದರೆ ವಿಪರೀತ ಕಾದ ಅನಿಲ, ಅಂಚಿನಲ್ಲಿ ಗುಲಾಬಿ-ನೇರಳೆಯಾಗಿ ಕಾಣುತ್ತದೆ, ಅಲ್ವಾ? ನೀಲಿ ಬೇಡ ಅಂತ ಆ ಬಣ್ಣದ ಎಲ್‌ಇಡಿ ಪಟ್ಟಿಯನ್ನೇ ಬಾಲದೊಳಗೆ ಸುತ್ತಿದೆ. ಬಿಸಿಲಲ್ಲಿ ಏನೂ ಕಾಣಲ್ಲ. ಇನ್ನೂರು ರೂಪಾಯಿ ದಂಡ, 15 ಗ್ರಾಂ ಭಾರ ಬೇರೆ. ಕಿತ್ತು ಮಗಳ ಸೈಕಲ್ಲಿಗೆ ಹಾಕಿದೆ.