ಸಂವಿಧಾನವನ್ನು ಕೊನೆಯ ವಿಧಿಯಿಂದ ಓದುವ ಕ್ರಮ

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಅನೇಕರಿಗೆ ವಿಧಿಗಳ ಸಂಖ್ಯೆ ಬಾಯಿಪಾಠವಾಗಿರುತ್ತದೆ. ಆದರೆ ಸಂವಿಧಾನ ಯಾರ ಕೈಯನ್ನು ಕಟ್ಟಲು ಹುಟ್ಟಿತು, ಆ ಬಲ ಅದಕ್ಕೆ ಎಲ್ಲಿಂದ ಬಂತು ಎಂದು ಕೇಳಿದರೆ ತಡವರಿಸುತ್ತಾರೆ. ಈ ಎರಡೂ ಪ್ರಶ್ನೆಗಳ ಉತ್ತರ ಕಾಲಕಾಲಕ್ಕೆ ಬದಲಾಗಿದೆ. ಅದನ್ನು ಕಂಡುಕೊಳ್ಳಲು ಸಂವಿಧಾನದ ಒಂದು ಕನ್ನಡ ಪ್ರತಿ ಮತ್ತು ಪೆನ್ಸಿಲು ಸಾಕು.

ಮೊದಲು 395ನೆಯ ವಿಧಿಯನ್ನು ತೆರೆಯಿರಿ. ಬ್ರಿಟಿಷ್ ಸಂಸತ್ತು ಮಾಡಿದ 1935ರ ಭಾರತ ಸರ್ಕಾರ ಕಾಯ್ದೆಯನ್ನು, ಅದರ ಜೊತೆಗೆ 1947ರ ಭಾರತ ಸ್ವಾತಂತ್ರ್ಯ ಕಾಯ್ದೆಯನ್ನೂ ಅದು ರದ್ದುಪಡಿಸುತ್ತದೆ. ಮುಂಬಯಿ ಪ್ರಾಂತದಲ್ಲಿದ್ದ ಅಂದಿನ ಧಾರವಾಡ ಜಿಲ್ಲೆಯ ಆಡಳಿತ ನಡೆದದ್ದು ಆ 1935ರ ಕಾಯ್ದೆಯ ಅಡಿಯಲ್ಲೇ. ಸ್ವಾತಂತ್ರ್ಯ ಕೊಟ್ಟ ಕಾಯ್ದೆಯನ್ನೇ ತೆಗೆದುಹಾಕಿದ್ದರಿಂದ ನಮ್ಮ ಸಂವಿಧಾನ ಲಂಡನ್ನಿನ ಕೊಡುಗೆಯಾಗಿ ಉಳಿಯಲಿಲ್ಲ. ಕೂಡಲೇ ಪ್ರಸ್ತಾವನೆಗೆ ಹಿಂತಿರುಗಿ ‘ನಾವು’ ಎಂಬ ಪದಕ್ಕೆ ಗೆರೆ ಎಳೆಯಿರಿ. ಅಧಿಕಾರದ ಮೂಲ ಅಲ್ಲಿದೆ. ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಧಾರವಾಡದ ಆರ್.ಆರ್. ದಿವಾಕರರೂ ಇದ್ದರೆಂಬುದನ್ನು ಈ ಭಾಗದ ಓದುಗರು ನೆನೆಯಬೇಕು.

ಆಮೇಲೆ 13ನೆಯ ವಿಧಿ. 1215ರಲ್ಲಿ ಇಂಗ್ಲೆಂಡಿನ ಸಾಮಂತರು ಮ್ಯಾಗ್ನಾ ಕಾರ್ಟಾದ ಮೂಲಕ ಅಂಕೆ ಹಾಕಿದ್ದು ಅರಸನಿಗೆ. 1803ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಶಾಸನಸಭೆಯ ಕಾನೂನೂ ಸಂವಿಧಾನಕ್ಕೆ ವಿರುದ್ಧವಾದರೆ ನಿಲ್ಲದು ಎಂದಿತು. ಮೂಲಭೂತ ಹಕ್ಕುಗಳ ಮಟ್ಟಿಗೆ ನಮ್ಮ 13ನೆಯ ವಿಧಿ ಆ ಮಾತನ್ನು ನೇರವಾಗಿಯೇ ಬರೆದಿಟ್ಟಿದೆ.

ರಾಜ್ಯ ನೀತಿಯ ನಿರ್ದೇಶಕ ತತ್ವಗಳನ್ನು ಹೇಳುವ 36ರಿಂದ 51ರವರೆಗಿನ ವಿಧಿಗಳನ್ನು ಮಾತ್ರ ಅವಸರಪಡದೆ ಓದಿರಿ, ಏಕೆಂದರೆ ಉದ್ದೇಶ ಬದಲಾಗುವುದು ಇಲ್ಲಿ. ಸರ್ಕಾರವನ್ನು ತಡೆಯುವುದಷ್ಟೇ ಆಗಿದ್ದ ಸಂವಿಧಾನ, 1937ರ ಐರ್ಲೆಂಡಿನ ಮಾದರಿಯನ್ನು ಅನುಸರಿಸಿ, ಸರ್ಕಾರದಿಂದ ಕೆಲಸ ಮಾಡಿಸಲು ಹೊರಡುತ್ತದೆ. 37ನೆಯ ವಿಧಿಯ ಪ್ರಕಾರ ಇವುಗಳನ್ನು ನ್ಯಾಯಾಲಯದ ಮೂಲಕ ಜಾರಿ ಮಾಡಿಸಲಾಗದು ಎಂದು ಇವನ್ನು ಹಗುರವಾಗಿ ಕಾಣಬೇಡಿರಿ: ಇಲ್ಲಿ ಆಶಯವಾಗಿದ್ದ ಮಕ್ಕಳ ಉಚಿತ ಶಿಕ್ಷಣವೇ 2002ರ ತಿದ್ದುಪಡಿಯಿಂದ 21ಎ ವಿಧಿಯಾಗಿ ಹಕ್ಕಾಯಿತು.

ಕೊನೆಗೆ, ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲು ಅವಕಾಶ ಕೊಡುವ 356. ಶಿಗ್ಗಾಂವಿ ತಾಲೂಕಿನ ಕಾರಡಗಿಯಲ್ಲಿ ಹುಟ್ಟಿದ ಕರ್ನಾಟಕದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರ ಏಪ್ರಿಲ್‌ನಲ್ಲಿ, ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸಲು ಅವಕಾಶ ಕೊಡದೆ, ಈ ವಿಧಿಯ ಅಡಿಯಲ್ಲಿ ವಜಾ ಮಾಡಲಾಯಿತು. ಬಹುಮತದ ಪರೀಕ್ಷೆ ಸದನದಲ್ಲೇ ನಡೆಯಬೇಕು, ರಾಷ್ಟ್ರಪತಿಯ ಘೋಷಣೆಯನ್ನೂ ನ್ಯಾಯಾಲಯ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 1994ರಲ್ಲಿ ತೀರ್ಪಿತ್ತಿತು. ವಿಧಿಯ ಒಕ್ಕಣೆಯಲ್ಲಿ ಈ ಮಿತಿ ಎಲ್ಲಿಯೂ ಕಾಣುವುದಿಲ್ಲ. ಆದ್ದರಿಂದ ಅದರ ಪಕ್ಕದ ಅಂಚಿನಲ್ಲಿ 1994 ಎಂದೂ, ತಿದ್ದುಪಡಿಯ ಅಧಿಕಾರ ಕೊಡುವ 368ರ ಪಕ್ಕದಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದಲೂ ಬದಲಿಸಲಾಗದು ಎಂದ ಕೇಶವಾನಂದ ಭಾರತಿ ತೀರ್ಪಿನ 1973 ಎಂದೂ ಬರೆದುಕೊಳ್ಳಿರಿ.