ಏಜೆನ್ಸಿ ಮೂಲಕ ನರ್ಸಿಂಗ್ ಕೆಲಸಕ್ಕೆ ಹೋಗ್ತೀರಾ? ಮೊದಲು ಇಷ್ಟು ಮಾಡಿಕೊಳ್ಳಿ

ದಾವಣಗೆರೆಯ ವಾರ್ಡುಗಳಲ್ಲಿ 31 ವರ್ಷ ಡ್ಯೂಟಿ ಮಾಡಿದ್ದೇನೆ. ಈಗ ಆರು ವರ್ಷದಿಂದ ಏಜೆನ್ಸಿ ಮೂಲಕ ಹೋಗುತ್ತಿದ್ದೇನೆ, ಹೆಚ್ಚಾಗಿ ಮನೆಗಳಿಗೆ, ಸ್ಟಾಫ್ ಕಡಿಮೆ ಬಿದ್ದಾಗ ನರ್ಸಿಂಗ್ ಹೋಮ್‌ಗಳಿಗೂ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿದ ಹುಡುಗಿಯರು ಜಗಳೂರು, ಹೊನ್ನಾಳಿ ಕಡೆಯಿಂದೆಲ್ಲ ಫೋನ್ ಮಾಡಿ "ಅಕ್ಕಾ, ಏಜೆನ್ಸಿಗೆ ಸೇರಬಹುದಾ?" ಅಂತ ಕೇಳುತ್ತಾರೆ. ಸೇರಿ, ಏನೂ ತಪ್ಪಿಲ್ಲ. ಆದರೆ ಒಂದು ವಿಷಯ ಗೊತ್ತಿರಲಿ. ವಾರ್ಡಿನಲ್ಲಿ ಓವರ್ ಕೊಡೋಕೆ, ಅಂದರೆ ರೋಗಿಯ ವಿಷಯ ಹೇಳಿ ಕೆಲಸ ಒಪ್ಪಿಸೋಕೆ, ಹಿಂದಿನ ಶಿಫ್ಟಿನ ಸಿಸ್ಟರ್ ಇರುತ್ತಾರೆ, ಕೇಸ್ ಶೀಟ್ ಇರುತ್ತದೆ, ಅನುಮಾನ ಬಂದರೆ ಕೇಳೋಕೆ ಇನ್‌ಚಾರ್ಜ್ ಇರುತ್ತಾರೆ. ಮನೆಯಲ್ಲಿ ಯಾರೂ ಇರಲ್ಲ. ಅದನ್ನೆಲ್ಲ ನೀವೇ ಕಟ್ಟಿಕೊಳ್ಳಬೇಕು, ಅದೂ ಮೊದಲ ದಿನವೇ.

ಮೊದಲು ಕಾಗದ-ಪತ್ರದ ಮಾತು. ನರ್ಸಿಂಗ್ ಕೌನ್ಸಿಲ್ ನೋಂದಣಿ, ಮಾರ್ಕ್ಸ್ ಕಾರ್ಡು ಯಾವುದರದ್ದೂ ಒರಿಜಿನಲ್ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಜೆರಾಕ್ಸ್ ಮೇಲೆ ಸಹಿ ಮಾಡಿ ತಾರೀಕು ಹಾಕಿ. ನಾನು ಮೊದಲು ಸೇರಿದ ಏಜೆನ್ಸಿಯವರು "ಫೈಲಿಗೆ ಬೇಕು" ಅಂತ ಒರಿಜಿನಲ್ ಇಟ್ಟುಕೊಂಡರು. ಬಿಡ್ತೀನಿ ಅಂದಾಗ ವಾಪಸ್ ಕೊಡೋಕೆ ಎರಡೂವರೆ ತಿಂಗಳು ಓಡಾಡಿಸಿದರು, ಅಷ್ಟರಲ್ಲಿ ಕೈಗೆ ಬಂದಿದ್ದ ಇನ್ನೊಂದು ಕೆಲಸ ಹೋಯಿತು.

ಆಮೇಲೆ ಆರ್ಡರ್ ಲೆಟರ್ ಕೇಳಿ. ಅದರಲ್ಲಿ ನಿಮ್ಮನ್ನು ಸ್ಟಾಫ್ ನರ್ಸ್ ಅಂತ ಬರೆದಿದ್ದಾರಾ, ಅಟೆಂಡರ್ ಅಂತ ಬರೆದಿದ್ದಾರಾ ನೋಡಿ. ಎಷ್ಟೋ ಕಡೆ ಮನೆಯವರ ಹತ್ತಿರ ನರ್ಸ್ ರೇಟು ತಗೊಂಡು ನಿಮಗೆ ಅಟೆಂಡರ್ ಸಂಬಳ ಕೊಡುತ್ತಾರೆ. ಸಂಬಳ ಎಷ್ಟನೇ ತಾರೀಕು, ವಾರದ ರಜೆ ಇದೆಯಾ, 24 ಗಂಟೆ ಡ್ಯೂಟಿ ಆದರೆ ನಿದ್ದೆಗೆ ಎಷ್ಟು ಹೊತ್ತು, ಆ ಹೊತ್ತಲ್ಲಿ ರೋಗಿಯನ್ನು ಯಾರು ನೋಡಿಕೊಳ್ಳುತ್ತಾರೆ, ಶಾಮನೂರು ಕಡೆಯೋ ಹರಿಹರದ ಕಡೆಯೋ ನೈಟ್ ಹಾಕಿದರೆ ಹೋಗಿಬರೋ ಖರ್ಚು ಯಾರದ್ದು, ಇದನ್ನೆಲ್ಲ ಬಾಯಿಮಾತಲ್ಲಿ ಬಿಡದೆ ವಾಟ್ಸ್ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಅಡುಗೆ, ಪಾತ್ರೆ ನಿಮ್ಮ ಕೆಲಸ ಅಲ್ಲ ಅನ್ನೋದನ್ನೂ ಏಜೆನ್ಸಿಯವರ ಬಾಯಿಂದಲೇ ಮನೆಯವರಿಗೆ ಮೊದಲೇ ಹೇಳಿಸಿ. ನೀವು ಹೋದ ಮೇಲೆ ಹೇಳಿದರೆ ಮನಸ್ತಾಪ ಆಗುತ್ತದೆ.

ಪಿಎಫ್, ಇಎಸ್ಐ (ನೌಕರರ ಆರೋಗ್ಯ ವಿಮೆ) ಬಗ್ಗೆ ಕೇಳೋಕೆ ಸಂಕೋಚ ಬೇಡ. ಏಜೆನ್ಸಿಯಲ್ಲಿ 20 ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪಿಎಫ್ ಕಟ್ಟಲೇಬೇಕು. ನಿಮ್ಮದು 12 ಪರ್ಸೆಂಟ್, ಅವರದ್ದು 12. ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಇಎಸ್ಐ ಬರುತ್ತದೆ, ಅದಕ್ಕೆ ನಿಮ್ಮ ಸಂಬಳದಿಂದ ಹೋಗುವುದು 0.75 ಪರ್ಸೆಂಟ್ ಮಾತ್ರ, ಉಳಿದ 3.25 ಅವರು ಹಾಕಬೇಕು. ಕೆಲವರು ಎರಡೂ ಪಾಲನ್ನು ನಮ್ಮ ಸಂಬಳದಲ್ಲೇ ಮುರಿಯುತ್ತಾರೆ. ಹಾಗೆ ಮುರಿಯುವಂತಿಲ್ಲ. ಯುಎಎನ್ (ನಿಮ್ಮ ಪಿಎಫ್ ಗುರುತಿನ) ನಂಬರ್ ತಗೊಂಡು ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡುತ್ತಿರಿ. ಸ್ಲಿಪ್ಪಿನಲ್ಲಿ ಮುರಿದ ದುಡ್ಡು ಪಾಸ್‌ಬುಕ್ಕಿಗೆ ಬಿದ್ದಿಲ್ಲ ಅಂದರೆ ಮೂರನೇ ತಿಂಗಳವರೆಗೆ ಕಾಯಬೇಡಿ. ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ಇದ್ದು ಗುತ್ತಿಗೆದಾರ ಸಂಬಳ ಕೊಡದೆ ಹೋದರೆ, ಅದನ್ನು ಕೊಡೋ ಹೊಣೆ ಕಾನೂನು ಪ್ರಕಾರ ಆ ಆಸ್ಪತ್ರೆ ಮೇಲೇ ಬರುತ್ತದೆ. ಇದು ನಮ್ಮ ಎಷ್ಟೋ ಹುಡುಗಿಯರಿಗೆ ಗೊತ್ತೇ ಇಲ್ಲ. ಕಾರ್ಮಿಕ ಇಲಾಖೆ ಆಫೀಸಿಗೆ ಹೋಗಿ ಅರ್ಜಿ ಕೊಡಿ.

ಇನ್ನು ಮನೆಗೆ ಕಾಲಿಟ್ಟ ಮೊದಲ ಗಂಟೆ. ಚಹಾ ಆಮೇಲೆ ಕುಡಿಯೋಣ ಅನ್ನಿ. ಡಿಸ್ಚಾರ್ಜ್ ಕಾರ್ಡು ಓದಿ, ಮಾತ್ರೆ ಡಬ್ಬಿಯನ್ನೆಲ್ಲ ಮಂಚದ ಮೇಲೆ ಸುರಿದು ಕಾರ್ಡಿಗೆ ತಾಳೆ ಹಾಕಿ. ಒಂದೇ ಬಿಪಿ ಮಾತ್ರೆ ಎರಡು ಕಂಪನಿ ಹೆಸರಲ್ಲಿ ಎರಡು ಸಲ ನುಂಗಿಸುತ್ತಿದ್ದ ಮನೆಗಳನ್ನು ನೋಡಿದ್ದೇನೆ.

ಶುಗರ್ ಇದ್ದರೆ ಫ್ರಿಜ್ ತೆಗೆದು ನೋಡಿ. ಒಂದು ಮನೆಯಲ್ಲಿ ಇನ್ಸುಲಿನ್ ಬಾಟಲಿ ಮೇಲೆ 40 ಐಯು (ಒಂದು ಎಂಎಲ್‌ಗೆ 40 ಯೂನಿಟ್) ಅಂತ ಇತ್ತು, ಪಕ್ಕದ ಡಬ್ಬಿಯಲ್ಲಿದ್ದ ಸಿರಿಂಜಿಗೆಲ್ಲ ಕಿತ್ತಳೆ ಬಣ್ಣದ ಕ್ಯಾಪು. ಕೆಂಪು ಕ್ಯಾಪಿನದು 40ರ ಬಾಟಲಿಗೆ, ಕಿತ್ತಳೆಯದು 100ರದ್ದಕ್ಕೆ ಅಲ್ವಾ. ಮೊಮ್ಮಗ ಪಾಪ ಶ್ರದ್ಧೆಯಿಂದ 20ರ ಗೆರೆವರೆಗೆ ಎಳೆದು ಚುಚ್ಚುತ್ತಿದ್ದ, ಅಜ್ಜನ ಮೈಗೆ ಹೋಗುತ್ತಿದ್ದದ್ದು 8 ಯೂನಿಟ್. ಶುಗರ್ ಇಳಿಯುತ್ತಿಲ್ಲ ಅಂತ ಡಾಕ್ಟರು ಡೋಸ್ ಏರಿಸುತ್ತಲೇ ಇದ್ದರು. ಇಲ್ಲಿ ಹುಷಾರು. ತಪ್ಪು ಸಿಕ್ಕಿತು ಅಂತ ತಕ್ಷಣ ಸರಿಯಾದ ಸಿರಿಂಜು ತರಿಸಿ ಅದೇ ಡೋಸ್ ಕೊಟ್ಟಿದ್ದರೆ ಅಜ್ಜನಿಗೆ ಶುಗರ್ ಪೂರ್ತಿ ಬಿದ್ದುಹೋಗುತ್ತಿತ್ತು. ನಾನು ಮೊದಲು ಡಾಕ್ಟರಿಗೆ ಫೋನ್ ಮಾಡಿದೆ, ನಡೆದದ್ದು ಹೇಳಿದೆ, ಹೊಸ ಡೋಸ್ ಕೇಳಿ ಬರೆದುಕೊಂಡು ತಿರುಗಿ ಓದಿ ಹೇಳಿದೆ. ಉಲ್ಟಾ ಆದರೆ ಇನ್ನೂ ಕಷ್ಟ. 100ರ ಬಾಟಲಿಯಿಂದ ಕೆಂಪು ಕ್ಯಾಪಿನ ಸಿರಿಂಜಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ.

ಆಮೇಲೆ ರೋಗಿಯ ಬೆನ್ನು ನೋಡಿ. ಮಗನೋ ಸೊಸೆಯೋ ಪಕ್ಕದಲ್ಲಿ ನಿಂತಿರಲಿ. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ಪಕ್ಕೆಲುಬು, ಕಿವಿ ಹಿಂದೆ. ಕೆಂಪಗಿದ್ದ ಕಡೆ ಬೆರಳಿಂದ ಒತ್ತಿ ಬಿಡಿ. ಒತ್ತಿದಾಗ ಬೆಳ್ಳಗಾಗದೆ ಕೆಂಪು ಹಾಗೇ ಉಳಿದರೆ ಅಲ್ಲಿ ಹುಣ್ಣು ಶುರುವಾಗಿದೆ ಅಂತ ಲೆಕ್ಕ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣಲ್ಲ. ಕೈಯ ಹಿಂಬದಿ ಇಟ್ಟು ನೋಡಿ, ಸುತ್ತಲಿಗಿಂತ ಬಿಸಿಯಾಗಿ, ಗಟ್ಟಿಯಾಗಿ ಹತ್ತುತ್ತದೆ. ಮನೆಯವರ ಒಪ್ಪಿಗೆ ಕೇಳಿ ಅವರದ್ದೇ ಫೋನಿನಲ್ಲಿ ಫೋಟೋ ತೆಗೆಸಿ, ತಾರೀಕು ಬರೆಸಿ. ಹದಿನೈದು ದಿನ ಬಿಟ್ಟು "ನೀವು ಬಂದ ಮೇಲೇ ಹುಣ್ಣಾಯ್ತು" ಅನ್ನೋ ಮಾತು ಬರಬಾರದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಯಾವ ಮಗ್ಗುಲು, ಎಷ್ಟು ಗಂಟೆ ಅಂತ ಬರೆಯಿರಿ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಬೆವರಿಗೆ ಚರ್ಮ ಬೇಗ ಮೆತ್ತಗಾಗುತ್ತದೆ, ಬೆಡ್‌ಶೀಟ್ ಒದ್ದೆಯಾದಾಗೆಲ್ಲ ಬದಲಿಸಲೇಬೇಕು.

ಮೂಗಿನ ಟ್ಯೂಬ್ ಇದ್ದರೆ ತಲೆ ಕಡೆ ಎತ್ತರಿಸಿಕೊಂಡೇ ಊಟ ಕೊಡಿ, ಮುಗಿದ ಮೇಲೂ ಅರ್ಧ ಗಂಟೆ ಹಾಗೇ ಇರಲಿ. ಮೂಗಿನ ಹತ್ತಿರದ ಗುರುತು ಪ್ರತಿ ಸಲ ನೋಡಿ, ಗುರುತು ಜಾರಿದ್ದರೆ ಏನೂ ಹಾಕಬೇಡಿ. ರಾಗಿ ಗಂಜಿಯನ್ನು ತೆಳ್ಳನೆ ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ. ಸಕ್ಷನ್ ಮಷಿನ್ (ಕಫ ಎಳೆದು ತೆಗೆಯೋದು) ಇರೋ ಮನೆಯಾದರೆ ಕರೆಂಟು ಹೋದಾಗ ಏನು ಮಾಡೋದು ಅಂತ ಮೊದಲ ದಿನವೇ ಕೇಳಿ, ಕಾಲಲ್ಲಿ ತುಳಿಯುವ ಪಂಪು ತರಿಸಿಟ್ಟುಕೊಳ್ಳಿ.

ಸೂಜಿ ಚುಚ್ಚಿಕೊಂಡರೆ ಸುಮ್ನೆ ಇರಬೇಡಿ. ಹಿಂಡದೆ, ಸೋಪು ನೀರಲ್ಲಿ ತೊಳೆದು, ಆವಾಗಲೇ ಜಿಲ್ಲಾ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯೋ ಮಾತ್ರೆಯನ್ನು ಎರಡು ಗಂಟೆ ಒಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಮುಗಿಸದೆ ಏಜೆನ್ಸಿ ಕೆಲಸಕ್ಕೆ ಹೊರಡಲೇಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ನರ್ಸಿಂಗ್ ಹೋಮ್‌ಗೆ ಒಂದು ಶಿಫ್ಟಿಗೆ ಹೋದರೆ ಕಾಲು ಗಂಟೆ ಮೊದಲೇ ಹೋಗಿ. ಆಕ್ಸಿಜನ್, ಎಮರ್ಜೆನ್ಸಿ ಟ್ರೇ, ಡ್ಯೂಟಿ ಡಾಕ್ಟರ್ ನಂಬರ್ ಎಲ್ಲಿವೆ ನೋಡಿಕೊಳ್ಳಿ. ಗೊತ್ತಿಲ್ಲದ ಮಷಿನ್ ಇದ್ದರೆ ಗೊತ್ತಿಲ್ಲ ಅಂತ ಹೇಳಿಬಿಡಿ.

ನೂರು ಪುಟದ ಒಂದು ನೋಟ್‌ಬುಕ್ ಯಾವಾಗಲೂ ನನ್ನ ಬ್ಯಾಗಲ್ಲಿ ಇರುತ್ತದೆ. ಬಿಪಿ, ಶುಗರ್, ಎಷ್ಟು ಒಳಗೆ ಹೋಯಿತು, ಎಷ್ಟು ಯೂರಿನ್ ಬಂತು, ಡಾಕ್ಟರು ಫೋನಲ್ಲಿ ಏನು ಹೇಳಿದರು, ಎಷ್ಟು ಗಂಟೆಗೆ ಹೇಳಿದರು, ಎಲ್ಲಾ ಅದರಲ್ಲಿ. ದಿನದ ಕೊನೆಗೆ ಮನೆಯವರೊಬ್ಬರ ಸಹಿ. ಕೆಲಸ ಬಿಡುವ ದಿನ ಪುಟಗಳ ಫೋಟೋ ತೆಗೆದುಕೊಂಡು ಪುಸ್ತಕವನ್ನು ಆ ಮನೆಗೇ ಬಿಡುತ್ತೇನೆ. ಹೋದ ತಿಂಗಳು ವಿದ್ಯಾನಗರದ ಮನೆಯಿಂದ ಹೊರಡುವಾಗ ಬದಲಿ ಸಿಸ್ಟರ್ ಬಂದಿರಲಿಲ್ಲ. ಸೊಸೆಯನ್ನೇ ಕೂರಿಸಿಕೊಂಡು ಓವರ್ ಕೊಟ್ಟೆ. ಒಂದು ಸಲ ಅವಳ ಕೈಯಿಂದಲೇ ಟ್ಯೂಬಿಗೆ ಗಂಜಿ ಹಾಕಿಸಿದೆ, ಒಂದು ಸಲ ಅತ್ತೆಯನ್ನು ಮಗ್ಗುಲು ತಿರುಗಿಸಿದಳು. ಮುಂದಿನ ಗೆರೆಯಲ್ಲಿ "4 ಗಂಟೆ, ಎಡ ಮಗ್ಗುಲು" ಅಂತ ಅವಳೇ ಬರೆದಳು. ಆಮೇಲೆ ಬಸ್ಸಿಗೆ ಹೊರಟೆ.